ಹಾಟ್‌ಪಾಟಿಗೊಂದು ಒಗ್ಗರಣೆ

ಅಳುವುದು ನನ್ನಂಥ ಗಟ್ಟಿಗನ ಜಾಯಮಾನವಲ್ಲ ಎಂದು ವಿಮಾನದಲ್ಲೇ ಘೋಷಿಸಿಬಿಟ್ಟಿದ್ದೆ.

"ಮಗು ಮುಂದೆ ಕಣ್ಣೀರು ಹಾಕ್ಬೇಡಿ, ಅಷ್ಟು ಸಾಕು," ಎಂದಳು ಹೆಂಡತಿ ಸುಮಿತ್ರಾ.

"ನಾನಾ? ಆ ಮಗೂನ ನಗಿಸೋಕೇ ಹೋಗ್ತಿರೋದು ಕಣೇ."

ನನ್ನ ಗೆಳೆಯ ಚಂದು ದುಬೈನಲ್ಲಿ ತೀರಿಕೊಂಡದ್ದು ೨೦೦೪ರ ಬೇಸಗೆಯಲ್ಲಿ. ಮಗಳು ಮಾನ್ಯಳ ಹತ್ತನೆಯ ಹುಟ್ಟುಹಬ್ಬಕ್ಕೆ ಜಪಾನಿ ಹಾಟ್‌ಪಾಟ್ ಊಟ ಕೊಡಿಸುವುದಾಗಿ ಮಾತು ಕೊಟ್ಟಿದ್ದನಂತೆ. ಆ ಮಾತು ನಡೆಸಿಕೊಡಲು ಡಿಸೆಂಬರಿನಲ್ಲಿ ಮೈಸೂರಿನಿಂದ ನಾನು ಹೊರಟಿದ್ದೆ. ಜಪಾನಿ ಊಟದ ಬಗ್ಗೆ ನನಗಿದ್ದ ಜ್ಞಾನವೆಂದರೆ, ಅದು ಜಪಾನಿನದು ಎಂಬಷ್ಟೇ.

ವಿಮಾನ ತಡವಾಗಿ, ಸಾಮಾನು ಸಮೇತ ನೇರ ಬರ್ ದುಬೈ ಬಡಾವಣೆಯ ಜಪಾನಿ ಹೋಟೆಲಿಗೇ ಹೋದೆವು. ಚಂದುವಿನ ಹೆಂಡತಿ ದೀಪ್ತಿ, ಮಾನ್ಯ ಅಲ್ಲಿ ಕಾದಿದ್ದರು. ಮೇಜಿನ ನಡುವೆ ಒಲೆ, ಮೇಲೊಂದು ಅಗಲ ಪಾತ್ರೆ. ಸಾರಿನಲ್ಲಿ ಮೀನಿದೆಯೆಂದು ತಿಳಿದು ಬರೀ ನೀರು ತರಿಸಿದೆವು. ಹಸಿ ಕೋಸು, ಅಣಬೆ, ಚಮಚದ ಬದಲು ಜೋಡಿ ಕಡ್ಡಿಗಳು ಬಂದವು. ಬೇಯಿಸಿಕೊಳ್ಳುವವರು ನಾವೇ!

"ಎಲ್ಲರ ಕಡ್ಡೀನೂ ಒಂದೇ ಪಾತ್ರೆಗಾ? ಎಂಜಲಲ್ವೇನ್ರೀ?" ಎಂದಳು ಸುಮಿತ್ರಾ.

"ಕುದಿಯೋ ನೀರಿಗೆ ಎಂಜಲಿಲ್ಲ," ಎಂದೆ, ಧರ್ಮಶಾಸ್ತ್ರವನ್ನು ಸ್ಥಳದಲ್ಲೇ ರಚಿಸಿ.

ಮಾನ್ಯ ಒಂದು ತುಂಡು ಬಾಯಿಗಿಟ್ಟು, "ಇಟ್ಸ್ ಓಕೆ, ಅಂಕಲ್," ಎಂದಳು. ಆಸ್ಪತ್ರೆಯ ಪಥ್ಯವನ್ನು ಹೊಗಳುವ ದನಿ. ದೀಪ್ತಿ ತಟ್ಟೆ ಮುಟ್ಟಲಿಲ್ಲ. ಚಂದು ಕೊಟ್ಟ ಮಾತು ನನ್ನ ಕೈಯಲ್ಲಿ ಸಪ್ಪೆಯಾಗುತ್ತಿತ್ತು.

ಸುಮ್ಮನಿರಲಿಲ್ಲ ನಾನು. ದೀಪ್ತಿಗೆಂದು ಊರಿನಿಂದ ತಂದಿದ್ದ ದಿನಸಿ ಚೀಲ ಬಿಚ್ಚಿದೆ. ಪಾತ್ರೆಗೆ ಸಾರಿನ ಪುಡಿ ಸುರಿದೆ. ಅದನ್ನು ಪಕ್ಕಕ್ಕಿಳಿಸಿ, ಉರಿಯ ಮೇಲೆ ಸೌಟು ಹಿಡಿದು, ತುಪ್ಪಕ್ಕೆ ಇಂಗು ಹಾಕಿ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದೆ.

"ರೀ, ಹೊತ್ತುತಾ ಇದೆ ರೀ."

"ಘಮ ಬರ್ಲಿ, ಇರು."

ಬಂತು. ಕಿಟಕಿಯಿಲ್ಲದ ಆ ಏಸಿ ಕೋಣೆಯಲ್ಲಿ ಬ್ಯಾಡಗಿಯ ಸಾಮ್ರಾಜ್ಯ ಸ್ಥಾಪನೆಯಾಯಿತು. ಪಕ್ಕದ ಮೇಜಿನ ಸೂಟುಧಾರಿಗಳು ಕೆಮ್ಮುತ್ತ ಎದ್ದರು. ಅರಬ್ ಕುಟುಂಬವೊಂದು, "ಯಲ್ಲಾ, ಯಲ್ಲಾ," ಎನ್ನುತ್ತ ಬಾಗಿಲಿಗೆ ಓಡಿತು. ಫಿಲಿಪಿನೋ ಪರಿಚಾರಿಕೆ ಕರವಸ್ತ್ರದೊಳಗಿಂದಲೇ, "ಸರ್, ನೋ ಕುಕಿಂಗ್, ಪ್ಲೀಸ್," ಎಂದಳು. ಇಲ್ಲಿ ಎಲ್ಲರೂ ಮೇಜಿನ ಮೇಲೆ ಬೇಯಿಸುತ್ತಲೇ ಇದ್ದಾರಲ್ಲ ಎಂದು ಇಂಗ್ಲಿಷಿನಲ್ಲಿ ವಾದಿಸಹೊರಟೆ, ಕೆಮ್ಮು ಬಿಡಲಿಲ್ಲ. ಅಲಾರಂ ಹೊಡೆದುಕೊಂಡಿತು.

ಇಡೀ ಹೋಟೆಲು ಫುಟ್‌ಪಾತಿನಲ್ಲಿ ನಿಂತು ಕಣ್ಣೊರೆಸಿಕೊಂಡಿತು. ಮಾನ್ಯ ಕೆಮ್ಮಿನ ನಡುವೆಯೇ ಬಿದ್ದು ಬಿದ್ದು ನಗುತ್ತಿದ್ದಳು. ಮಗಳ ಮುಂದೆ ಈವರೆಗೆ ಅಳದ ದೀಪ್ತಿ, ಸುಮಿತ್ರಾಳ ಹೆಗಲಿಗೆ ತಲೆಯಿಟ್ಟು ಧಾರಾಳವಾಗಿ ಅಳುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಅಲ್ಲಿ ಅಳದವರೇ ಇರಲಿಲ್ಲವಲ್ಲ.

ಚಂದು ಇದ್ದಿದ್ದರೆ ನನ್ನ ಕೈಯಿಂದ ಸೌಟು ಕಿತ್ತುಕೊಂಡು ಇನ್ನೆರಡು ಮೆಣಸಿನಕಾಯಿ ಹಾಕುತ್ತಿದ್ದ ಅನ್ನಿಸಿತು. ಗೋಡೆಯ ಕಡೆ ತಿರುಗಿ ನಿಂತೆ.

"ದರಿದ್ರ ಘಾಟು," ಎಂದೆ, ಕೇಳುವವರಿಗೆಲ್ಲ ಕೇಳಲಿ ಎಂದು.

ಯಾರೋ ಅಂಗಿ ಎಳೆದರು. ಮಾನ್ಯ ಟಿಶ್ಯೂ ಹಿಡಿದು ನಿಂತಿದ್ದಳು.

"ಅಂಕಲ್, ಹೊಗೆ ಹೋಗಿ ತುಂಬಾ ಹೊತ್ತಾಯ್ತು. ಎಲ್ರೂ ಒಳಗೆ ಊಟ ಮಾಡ್ತಿದಾರೆ."