ಕೊನೆಯ ಪಲ್ಲವಿಯಲ್ಲಿ ಶ್ರುತಿ ಏರಿದ್ದರ ಬಗ್ಗೆ

ಮಾನ್ಯ ಇನಾಗಾಕಿ ಅವರೇ,

ಟೋಕಿಯೊದ ಸಂಗೀತ ಕಂಪನಿಯ ಹನ್ನೊಂದನೇ ಮಹಡಿಯಲ್ಲಿ ಕೂತು, ಹಾಕೊದಾತೆ ಬಂದರಿನ ಮೀನು ಕಾರ್ಖಾನೆಯ ಹೆಂಗಸರ ಹಾಡನ್ನು ತಿದ್ದುವಷ್ಟು ಬಿಡುವು ಮಾಡಿಕೊಂಡ ತಮಗೆ, ನಮ್ಮ ನಾಲ್ವರ ರಾಕ್ ತಂಡದ ಪರವಾಗಿ ಕೀಬೋರ್ಡ್ ನುಡಿಸುವ ನಾನು ತಲೆಬಾಗಿ ವಂದಿಸುತ್ತೇನೆ. ಒಪ್ಪಂದ ಮುರಿದಿದ್ದೇವೆ, ಹಾಗಾಗಿ ಧ್ವನಿಮುದ್ರಣ ರದ್ದು ಎಂಬ ತಮ್ಮ ನೋಟಿಸ್ ತಲುಪಿತು. ಕಾಗದ ಬಲು ನುಣುಪಾಗಿದೆ.

ಕಾರ್ಖಾನೆ ಮುಚ್ಚುವ ದಿನಕ್ಕೆಂದು ನಾವು ಕಟ್ಟಿದ ಹಾಡನ್ನು ತಾವು ಧ್ವನಿಮುದ್ರಿಸಿ ಹೊರತರಲು ಒಪ್ಪಿದಿರಿ. ಜೊತೆಗೆ, ಹೊರದೇಶದ ಕಿವಿಗಳಿಗೆ ಆಯಾಸವಾಗದಿರಲೆಂದು ಹನ್ನೊಂದು ಸ್ವರಮೇಳಗಳನ್ನು, ಅಂದರೆ ಕಾರ್ಡ್‌ಗಳನ್ನು, ನಾಲ್ಕಕ್ಕೆ ಇಳಿಸಿದಿರಿ. ಅಕ್ಷರಕ್ಕೊಂದು ಸ್ವರದಂತೆ ಒತ್ತೊತ್ತಾಗಿ ಓಡುತ್ತಿದ್ದ ಸಾಲುಗಳನ್ನು ಸಡಿಲಿಸಿ, ನಗುವ ಮಾತಿನ ಕೆಳಗೆ ಅಳುತ್ತಿದ್ದ ಸ್ವರಗಳನ್ನು ಒರೆಸಿ, ಕೊನೆಯ ಪಲ್ಲವಿಯಲ್ಲಿ ಶ್ರುತಿ ಅರ್ಧ ಸ್ವರ ಏರುವುದು ಹಳೇ ಚಾಳಿಯೆಂದು ಕೆಂಪು ಗೆರೆ ಎಳೆದಿರಿ. ಇಷ್ಟಾದ ಮೇಲೂ ಹಾಡಿನಲ್ಲಿ ಏನೋ ಉಳಿದಿತ್ತೆಂದರೆ ಅದು ತಮ್ಮ ಔದಾರ್ಯ.

ಹಾಡುವ ಮಿಯೋರಿ ಇಪ್ಪತ್ತೆರಡು ವರ್ಷ ಆ ಕಾರ್ಖಾನೆಯಲ್ಲಿ ಬೊಂಡಾಸ್ ಮೀನು ಸೀಳಿದವಳು. "ನನ್ನ ಗಂಟಲು ಆ ಅರ್ಧ ಸ್ವರ ಮೇಲಕ್ಕೆ ತಾನಾಗೇ ಹೋಗತ್ತೆ ಕಣೇ, ನಾನೇನ್ ಮಾಡ್ಲಿ?" ಎಂದಳು. ಬೈದು ಸುಮ್ಮನಿರಿಸಿದೆ. ತಾವು ತಿದ್ದಿದಂತೆಯೇ ನುಡಿಸುತ್ತೇವೆಂದು ಸಹಿ ಹಾಕಿದ್ದೆವಲ್ಲ.

ಕೊನೆಯ ದಿನ ಮಧ್ಯಾಹ್ನ, ಕಾರ್ಖಾನೆಯ ಊಟದ ಕೋಣೆಯಲ್ಲಿ, ತಮ್ಮ ಅಪ್ಪಣೆಯಂತೆ ಶ್ರುತಿ ಏರಿಸದೆ ಚಪ್ಪಟೆಯಾಗಿಯೇ ನುಡಿಸಿದೆವು. ಆದರೆ ಎರಡು ವರ್ಷ ಅದೇ ಕೋಣೆಯಲ್ಲಿ ನಮ್ಮ ಅಭ್ಯಾಸ ಕೇಳುತ್ತಲೇ ಊಟ ಮಾಡಿದ್ದ ಅರವತ್ತು ಹೆಂಗಸರು, ಕೊನೆಯ ಪಲ್ಲವಿ ಬಂದಾಗ, ರಬ್ಬರ್ ಬೂಟು ಹಾಕಿಕೊಂಡೇ ಎದ್ದು ನಿಂತು, ನಮ್ಮನ್ನು ಕೆಳಗೆ ಬಿಟ್ಟು ತಾವೇ ಅರ್ಧ ಸ್ವರ ಮೇಲಕ್ಕೆ ಹೋದರು. ಕಿವಿ ಕಿತ್ತುಬರುವ ಅಪಸ್ವರ. ಮಿಯೋರಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ನಾನು ತಮ್ಮ ಸ್ವರದಲ್ಲೇ ಇನ್ನೆರಡು ಸಾಲು ವಿಧೇಯಳಾಗಿ ನುಡಿಸಿದೆ.

ಡ್ರಮ್ ಬಾರಿಸುವ ಫುಸಾಕೊ ಹಿಂದಿನಿಂದ ಬಗ್ಗಿ, "ನೊಬುಎ, ಸಹಿ ಹಾಕಿದ್ದು ನಾವು ನಾಲ್ಕೇ ಜನ. ಅವರಲ್ಲ. ಅವರನ್ನ ಒಂಟಿಯಾಗಿ ಬಿಡ್ತೀಯಾ?" ಎಂದಳು.

ನನ್ನ ಬೆರಳುಗಳು ಅವರ ಸ್ವರಕ್ಕೆ ಏರಿದವು. ಮಿಯೋರಿ ಕೈ ತೆಗೆದಳು. ಹಾಡು ಮುಗಿದ ಮೇಲೂ ಅವರು ಪಲ್ಲವಿಯನ್ನು ಮೂರು ಸಲ ಹಾಡಿ, ಮುಖ ತೊಳೆದುಕೊಂಡು, ಏಪ್ರನ್ ಮಡಿಸಿಟ್ಟು ಮನೆಗೆ ಹೋದರು. ಮರುದಿನದಿಂದ ಅಲ್ಲಿ ಅವರಿಗೆ ಕೆಲಸವಿಲ್ಲ.

ಆದ್ದರಿಂದ ಧ್ವನಿಮುದ್ರಣ ರದ್ದಾದದ್ದನ್ನು ನಾವು ಒಪ್ಪಿಕೊಂಡಿದ್ದೇವೆ. ನ್ಯಾಯ ಪೂರ್ಣವಾಗಬೇಕಾದರೆ ಆ ಅರವತ್ತು ಗಂಟಲುಗಳಿಗೂ ಒಂದೊಂದು ನೋಟಿಸ್ ಕಳಿಸಬೇಕಾಗಿ ವಿನಂತಿ. ಸಾಧ್ಯವಾದರೆ ತಾವೇ ಬಂದು, ಅವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೂ ಅರ್ಧ ಸ್ವರ ಕೆಳಗಿಳಿಸಿ ಹೋಗಬೇಕು.

ಕೆಳಗಿಳಿಯಲಾಗದ ತಮ್ಮ ವಿಶ್ವಾಸಿ,
ಕಾಶಿವಾಬಾರಾ ನೊಬುಎ

ತಾ.ಕ.: ಕ್ಷಮೆ ಕೇಳಲು ತಮ್ಮ ಕಚೇರಿಗೆ ಫೋನ್ ಮಾಡಿದಾಗ ಹದಿನೈದು ನಿಮಿಷ ಕಾಯಿಸಿದರು. ಕಾಯುವವರಿಗೆಂದು ತಾವು ಹಾಕಿಸಿರುವ ಸಂಗೀತ ಕೊನೆಯಲ್ಲಿ ಅರ್ಧ ಸ್ವರ ಏರುತ್ತದೆ. ತಮ್ಮ ಗಮನಕ್ಕೆ.