ನೋಟ ಹಿಡಿಯೋ ಮಷಿನ್ನು

ಆ ಮಷಿನ್ ಚೀಲಕ್ಕ ಹಾಕ್ಕೊಂಡು ಊರೂರು ತಿರುಗುವಾಗ, ನಗೆಪಾಟಲು ಆಗದಂಗ ಮನಿಗೆ ಬಂದ ದಿನ ಒಂದೂ ನೆನಪಿಲ್ಲ. ಈಗ ಆಫೀಸಿನಾಗ ಫ್ಯಾನಿನ ಕೆಳಗ ಕುಂತೇನಿ, ಆದ್ರ ಆ ಮಂದಿ ಭಾಳ ನೆನಪಾಗ್ತಾರ.

ಮನುಷ್ಯಾ ಪರದೆ ಮ್ಯಾಲೆ ಎಲ್ಲಿ ನೋಡಾಕತ್ತಾನ ಅಂತ ಕ್ಯಾಮೆರಾದಿಂದ ಹಿಡಿಯೋ ಮಷಿನ್ ಅದು. ಲಕ್ವಾ ಹೊಡದು ಮಾತು ಹೋದವ್ರು ಕಣ್ಣಿಂದನ ಮಾತಾಡ್ಲಿ ಅಂತ ಮಾಡಿದ್ದು. ಚುಕ್ಕಿ ತೋರಿಸಿ, "ಇದನ್ನ ನೋಡ್ರಿ" ಅಂದು, ಮಷಿನ್ ಎಷ್ಟು ತಪ್ಪತೈತಿ ಅಂತ ಅಳತಿ ಮಾಡೋದು ನನ್ನ ಕೆಲಸ.

ಇಂಡಿ ಊರಿನ ಮಾರ್ಕೆಟ್ಟಿನಾಗ ಲಿಂಬಿ ಹರಾಜಿನ ಸವಾಲು ಕೂಗತಿದ್ದ ಯಜಮಾನ್ರಿಗೆ ಲಕ್ವಾ ಹೊಡದು ಮಾತು ನಿಂತಿತ್ತು. "ಅವರಿಗೆ ಏನ್ ಬೇಕೋ ಒಂದೂ ತಿಳಿವಲ್ದು, ಲಗೂನ ತಗೊಂಡು ಬಾರಪಾ" ಅಂತ ಅವರ ಹೆಂಡ್ತಿದು ದಿನಾ ಫೋನು. ನೋಟಾನ ತಪ್ಪಾಗಿ ಹಿಡಿಯೋ ಮಷಿನ್ ಹೆಂಗ ಒಯ್ಯೋದು? ಮೊದಲ ಬ್ಯಾರೆ ಊರಾಗ ಅಳತಿ ಸುರು ಮಾಡಿದೆ.

ಸುರ್ಮಾ

ಮುದ್ದೇಬಿಹಾಳದ ಬಟ್ಟಿ ಅಂಗಡಿ ಕಾಕಾ ಬಂದ್ರು. ಇಸ್ತ್ರಿ ಪೈಜಾಮಾ, ಅತ್ತರು, ಕಣ್ಣತುಂಬ ಸುರ್ಮಾ. ಮಷಿನ್ ಆ ಕರಿ ಗೆರೀನ ಕಣ್ಣಗುಡ್ಡಿ ಅಂತ ತಿಳದು, ಕಾಕಾ ಮ್ಯಾಲೆ ಛತ್ತು ನೋಡಾಕತ್ತಾರ ಅಂತ ತೋರಿಸ್ತು.

"ಕಾಕಾ, ಸುರ್ಮಾ ಸ್ವಲ್ಪ ಒರಸ್ಕೊಳ್ರಿ."

"ಕಣ್ಣಿನ ಪರೀಕ್ಷಾ ಅಂತ ಕರದು ಸಿಂಗಾರ ಅಳಸು ಅಂತೀಯೇನು? ಇದ ಸುರ್ಮಾದಾಗ ನಾ ಎಲ್ಲಿ ನೋಡ್ತೇನಿ ಅಂತ ನಮ್ಮ ಬೇಗಂ ಅಡಗಿಮನಿಯಿಂದನ ಹಿಡಿತಾಳ. ನಿನ್ನ ಮಷಿನ್ ಎದುರಿಗೆ ಕುಂತು ಹಿಡಿವಲ್ದು!"

ಕುರಿ

ಸಿಂದಗಿ ಕಡೆ ಕನ್ನೊಳ್ಳಿಯಾಗ ಕುರಿ ಕಾಯೋ ಅಣ್ಣಾರನ್ನ ಕಟ್ಟಿ ಮ್ಯಾಲೆ ಕುಂದ್ರಿಸಿದೆ. ಚುಕ್ಕಿ ನಡುವ ಇದ್ರ ಮಷಿನ್ ಎಡಕ್ಕ ಅಂತಿತ್ತು. ಬೈಕೋತ ಕ್ಯಾಮೆರಾ ಬಿಚ್ಚಿ ಕಟ್ಟಿದೆ. ಮತ್ತ ಎಡಕ್ಕ.

"ಅಣ್ಣಾ, ಚುಕ್ಕಿನ ನೋಡಾಕತ್ತೀರಿ ಹೌದಲ್ರಿ?"

"ಹೌದ್ರಿ, ಚುಕ್ಕಿನ... ಹೇ ಹೇ ಹೇ! ಗೌಡ್ರ ತೊಗರಿಗೆ ಹೊಕ್ವಲೇ!" ಅಂತ ಜಿಗದು ಎಡಕ್ಕ ಓಡಿದ್ರು. ಕುರಿ ಅಲ್ಲಿದ್ವು. ಮಷಿನ್ ಖರೆ ಹೇಳಿತ್ತು, ನಾನ ನಂಬಿರಲಿಲ್ಲ.

ಏದುಸಿರು ಬಿಟ್ಕೋತ ಬಂದು ಅಂದ್ರು: "ನಿಮ್ಮ ಚುಕ್ಕಿ ಎಲ್ಲಿ ಓಡಿ ಹೋಗ್ತೈತ್ರಿ? ಕುರಿ ಹೋಗ್ತಾವ!"

ಇಂಡಿ

ಬಸವನ ಬಾಗೇವಾಡಿ ಸುತ್ತಾನೂ ತಿರುಗಿ ಅಳತಿ ಬರೋಬ್ಬರಿ ಆದ ಮ್ಯಾಲೆ ಇಂಡಿಗೆ ಹೋದೆ. ಇಡೀ ಮಾರ್ಕೆಟ್ಟಿಗೆ ಕೇಳೋ ದನಿ ಇದ್ದ ಮನುಷ್ಯಾ ಸಪ್ಪಳಿಲ್ಲದಂಗ ಮಲಗಿದ್ದ.

ಪರದೆ ಮ್ಯಾಲೆ ನೀರು, ಚಹಾ, ಫ್ಯಾನು, ನೋವಿನ ಚಿತ್ರ ಇಟ್ಟಿದ್ದೆ. ಗದ್ದಲ ಬ್ಯಾಡ ಅನ್ನಾಕ ಮೂಲ್ಯಾಗ ತುಟಿ ಮ್ಯಾಲೆ ಬೆರಳಿಟ್ಟ ಚಿತ್ರ. ಯಾವುದನ್ನ ನೋಡ್ತಾರೋ ಆ ಮಾತನ್ನ ಮಷಿನ್ ಆಡ್ತೈತಿ.

ಅವರ ಹೆಂಡ್ತಿ, ಅವ್ವಾರು, ಸುರು ಮಾಡಿದ್ರು: "ಏನ್ರೀ, ನೀರು ಬೇಕೇನ್ರಿ? ಚಹಾ ಮಾಡ್ಲೇನ್ರಿ? ಬೆನ್ನು ನೋಯ್ತೈತೇನ್ರಿ? ಸೆಕಿ ಆಗ್ತೈತೇನ್ರಿ? ಹೇಳ್ರಲ್ಲ!"

ಮಷಿನ್ ಅಂತು: "ಸುಮ್ಕಿರು."

"ತಪ್ಪಾತ್ರಿ ಅವ್ವಾರ" ಅಂತ ಮತ್ತ ಚುಕ್ಕಿ ತೋರಿಸಿ ಅಳತಿ ಮಾಡಿದೆ. ಅವ್ವಾರು ಮತ್ತ ಕೇಳಿದ್ರು. ಮಷಿನ್ನೂ ಮತ್ತ ಅಂತು: "ಸುಮ್ಕಿರು."

ನಾಚಿಕಿಂದ ನನಗ ನೆಲಾನ ಬಾಯಿ ಬಿಡಬಾರದೇನು ಅನ್ನಿಸ್ತು. ಬಿಚ್ಚಾಕ ಕ್ಯಾಮೆರಾಕ್ಕ ಕೈ ಹಚ್ಚಿದೆ. ಅವ್ವಾರು ಕೈ ಹಿಡದ್ರು. ಸೆರಗು ಕಣ್ಣಿಗೆ ಒತ್ಕೊಂಡು, ಅಳಕೋತ ನಕ್ಕೋತ ಅಂದ್ರು:

"ಮುಟ್ಟಬ್ಯಾಡ ತಮ್ಮಾ, ಬರೋಬ್ಬರಿ ಐತಿ. ಇದು ಅವರದ ಮಾತು. ಲಗ್ನಾದಾಗಿಂದ ದಿನಾ ಇದನ್ನ ಕೇಳೇನಿ. ಎಷ್ಟು ದಿವಸಾತಪಾ ಕೇಳದ!" ಆಮ್ಯಾಲೆ ಅವರ ಕಡೆ ತಿರುಗಿ, "ಏನ್ರೀ, ಇನ್ನೊಮ್ಮೆ ಅನ್ರಲ್ಲ" ಅಂದ್ರು.

ಯಜಮಾನ್ರು ಅಂದ್ರು. ಅವ್ವಾರು ಮಾತ್ರ ಸುಮ್ಕ ಆಗ್ಲಿಲ್ಲ.