ಗುಡ್ಡದ ಹೊಟ್ಟೆಯ ನೀರು

ನನ್ನ ಭಾವನನ್ನು ಮನೆಗೆ ಕರೆಯುವವರು ಮೊದಲು ತಮ್ಮ ಜಾಗದ ಆಧಾರಪತ್ರಗಳನ್ನು ಸರಿಮಾಡಿಟ್ಟುಕೊಳ್ಳುವುದು ಕ್ಷೇಮ! ಚಹಾದ ಲೋಟ ಕೆಳಗಿಡುವ ಮೊದಲೇ ಅವರು ಕೇಳಿಬಿಡುತ್ತಾರೆ: "ಇದು ನಿಮ್ಮದು ಆದದ್ದು ಹೇಗೆ?" ಲೋಟದ ಬಗ್ಗೆ ಅಲ್ಲ ಸ್ವಾಮಿ, ಅಂಗಳದ ಬಗ್ಗೆ!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಕಾನೂನು ಕಾಲೇಜುಗಳಲ್ಲಿ ಪಾಠ ಹೇಳಿ, ಬಡತನಕ್ಕೂ ಆಸ್ತಿಯ ಕಾನೂನಿಗೂ ಇರುವ ನಂಟಿನ ಮೇಲೆ ದಪ್ಪ ದಪ್ಪ ಲೇಖನಗಳನ್ನು ಬರೆದು, ನಿವೃತ್ತರಾದ ಮೇಲೆ ಕುಂಬ್ಡಾಜೆಯಲ್ಲಿ ನಮ್ಮ ಮನೆಯ ಹತ್ತಿರವೇ ನೆಲೆಸಿದರು. ನಾನೋ ಹೈಸ್ಕೂಲಿಗೇ ವಿದ್ಯೆಗೆ ಕೈಮುಗಿದವನು. ಅವರಿಗೂ ಅಂಥ ಕೇಳುಗನೇ ಬೇಕಿತ್ತು, ಎದುರು ವಾದಿಸುವುದಿಲ್ಲವಲ್ಲ!

ಒಮ್ಮೆ ನಮ್ಮ ಮರದ ಹಲಸಿನ ಹಣ್ಣು ರಸ್ತೆಯಲ್ಲಿ ನಿಂತಿದ್ದ ಜೀಪಿನ ಮೇಲೆ ಬಿತ್ತು. ಹಣ್ಣು ನನ್ನದೋ, ಪಂಚಾಯತಿನದೋ, ಜೀಪಿನವನದೋ? ಮೂರೂ ಪಕ್ಷಗಳನ್ನು ಭಾವ ತಾವೇ ವಹಿಸಿ ವಾದಿಸಿದರು. ತೀರ್ಪು ಬರುವಷ್ಟರಲ್ಲಿ ಜೀಪಿನವರು ಸೊಳೆ ತಿಂದು ಮುಗಿಸಿ ಕೈಯ ಮೇಣಕ್ಕೆ ಎಣ್ಣೆ ಕೇಳುತ್ತಿದ್ದರು.

"ನೋಡಿದ್ರಾ ಭಾವ, ಇದಕ್ಕೇ ಸ್ವಾಧೀನ ಅಂತ ಹೇಳುವುದು!" ಎಂದರು. ನನ್ನನ್ನೂ ಅವರು ಕರೆಯುವುದು ಭಾವ ಎಂದೇ.

ತಮ್ಮ ಪಾಂಡಿತ್ಯದ ಸಾರವನ್ನು ನನಗೊಮ್ಮೆ ಸರಳವಾಗಿ ಹೇಳಿದ್ದರು: "ಬಡವರ ಹತ್ತಿರ ಎಂತದೂ ಇಲ್ಲ ಅಂತ ಹೇಳಿದ್ದು ಯಾರು? ಉಂಟು ಮಾರಾಯ್ರೆ. ಆದ್ರೆ ಅದು ಕಾನೂನಿನ ಕಣ್ಣಿಗೆ ಆಸ್ತಿಯಾಗಿ ಕಾಣುವುದಿಲ್ಲ." ನಾನು ತಲೆಯಾಡಿಸಿದೆ. ತಲೆಯಾಡಿಸಲು ಅರ್ಥವಾಗಿರಬೇಕೆಂದು ಎಲ್ಲಿ ಬರೆದಿದೆ?

ಇನ್ನು ನನ್ನ ಪಾಪದ ಕಥೆ. ನಡೆದದ್ದು ಎರಡು ಸಾವಿರದ ಹತ್ತರ ಆಚೀಚೆ. ನಮ್ಮ ಗುಡ್ಡದ ಬುಡದಲ್ಲಿ ಬೀಫಾತಿಮ್ಮನ ಮನೆ. ಅವಳ ತೀರಿಹೋದ ಗಂಡ ಪಿಕ್ಕಾಸಿ ಹಿಡಿದು, ಗುಡ್ಡವನ್ನು ಅಡ್ಡಕ್ಕೆ ಕೊರೆದು ಒಂದು ಸುರಂಗ ತೋಡಿದ್ದ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಇಂಥ ಸುರಂಗವೇ ಬಾವಿ. ಒಳಗೆ ಜಿನುಗಿದ ನೀರು ತಾನಾಗಿ ಬಾಯಿಗೆ ಹರಿದು ಬರುತ್ತದೆ. ಆ ಸುರಂಗದ ಬಾಯಿ ಅವಳ ಜಾಗದಲ್ಲಿ, ಹೊಟ್ಟೆ ನನ್ನ ರಬ್ಬರ್ ತೋಟದ ಕೆಳಗೆ. ಸುರಂಗದ ಬೆನ್ನ ಮೇಲೆ ಬೋರ್ ಹೊಡೆಸಬಾರದೆಂದು ಹಿರಿಯರ ಮಾತು. ನನಗೆ ಕೋಳಿಫಾರ್ಮಿಗೆ ನೀರು ಬೇಕಿತ್ತು. ಕಾನೂನು ಏನು ಹೇಳುತ್ತದೆಂದು ಭಾವನನ್ನು ಕೇಳಿದೆ.

ಕೇಳಿದ್ದಕ್ಕೆ ಕೂತಲ್ಲೇ ಉತ್ತರಿಸಿದರೆ ಅವರು ನನ್ನ ಭಾವ ಹೇಗಾದಾರು? ನನ್ನ ಗಡಿ ಒಳಗೆ ಎಲ್ಲಿ ಹಾದುಹೋಗುತ್ತದೆಂದು ಅಳೆಯಲು ಸೊಂಟಕ್ಕೆ ಹಗ್ಗ ಬಿಗಿದು, ಮೊಂಬತ್ತಿ ಹಿಡಿದು ಸುರಂಗಕ್ಕೇ ನುಗ್ಗಿದರು! ಹೊರಬಂದಾಗ ಅಡಿಯಿಂದ ಮುಡಿಯವರೆಗೆ ಕೆಮ್ಮಣ್ಣು.

"ಒಳಗೆ ಹೋದದ್ದು ಪ್ರೊಫೆಸರ್ರು. ಹೊರಗೆ ಬಂದದ್ದು ಯಾರು ಮಾರಾಯ್ರೆ?" ಎಂದು ಬೀಫಾತಿಮ್ಮ ನಕ್ಕಳು.

ಭಾವ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಕೋರ್ಟಿಗೆ ಹೋದ್ರೆ ನೀವೇ ಗೆಲ್ಲಬಹುದು. ಹಾಗೆ ಹೇಳ್ಲಿಕ್ಕೆ ನಂಗೆ ನಾಚಿಕೆ ಆಗ್ತದೆ" ಎಂದರು. ನನ್ನ ಕಿವಿ ಮೊದಲ ವಾಕ್ಯ ಕೇಳಿದ್ದೇ ಬಾಗಿಲು ಹಾಕಿಕೊಂಡಿತು.

ಬೋರ್ ಹೊಡೆಸಿದೆ. ಬೇಸಿಗೆಗೆ ಸುರಂಗ ಬತ್ತಿತು. ನಾನು ಮಹಾ ಧರ್ಮಿಷ್ಠನಂತೆ ಅವಳ ಮನೆಗೊಂದು ಪೈಪ್ ಎಳೆಸಿ ಭಾವನ ಶಹಭಾಸ್‌ಗಿರಿಗೆ ಕಾದೆ.

"ಮೊದಲು ಅವಳ ನೀರು ಅವಳು ಕುಡೀತಿದ್ಲು," ಎಂದರು. "ಈಗ ನಿಮ್ಮ ನೀರು ಕುಡೀತಾಳೆ."

ಸಿಟ್ಟು ಬಂತು. ನೀರು ನೀರೇ ಅಲ್ಲವೇ?

ಒಮ್ಮೆ ಪಂಪ್ ಹಾಕಲು ಮರೆತು ಮದುವೆಗೆಂದು ಬೆಳ್ಳೂರಿಗೆ ಹೋಗಿ ಅಲ್ಲೇ ಉಳಿದೆ. ಮರಳುವಾಗ ಬೀಫಾತಿಮ್ಮ ದೂರದ ತೋಡಿನಿಂದ ಕೊಡ ಹೊತ್ತು ಬರುತ್ತಿದ್ದಳು. ನನ್ನ ದನ ಅವಳ ಬಸಳೆಗೆ ಬಾಯಿಟ್ಟರೆ ಗುಡ್ಡಕ್ಕೆಲ್ಲ ಕೇಳುವಂತೆ ಬೈಯುವವಳು. ಬೈಯಲಿ ಎಂದು ತಲೆತಗ್ಗಿಸಿ ನಿಂತೆ.

"ಪರವಾಗಿಲ್ಲ ಧಣೀ," ಎಂದಳು ನಗುತ್ತಾ. "ನಿಮ್ಗೆ ಪುರುಸೊತ್ತಾಗುವಾಗ ಬಿಡಿ."

ಧಣಿ! ಹಿಂದೆ ಒಂದು ದಿನವೂ ನನ್ನನ್ನು ಹಾಗೆ ಕರೆದವಳಲ್ಲ. ಅವಳ ಬಾಯಿಂದ ಬೈಗುಳವನ್ನೂ ಕಸಿದವನು ನಾನು. ಭಾವನ ದಪ್ಪ ಲೇಖನಗಳೆಲ್ಲ ಅಲ್ಲಿ, ಆ ದಾರಿಯಲ್ಲಿ, ನನಗೆ ಅರ್ಥವಾದವು.

ಭಾವನ ಮುಂದೆ ಹೋಗಿ ಎಲ್ಲ ಹೇಳಿದೆ. ಅವರೇ ಆಧಾರಪತ್ರ ಬರೆದರು. ಬೋರ್ ಇರುವ ತುಂಡು ಜಾಗ ಬೀಫಾತಿಮ್ಮನ ಹೆಸರಿಗೆ. ಪಂಪಿನ ಸ್ವಿಚ್ ಅವಳ ಜಗಲಿಗೆ. ನೀರು ಇಬ್ಬರಿಗೂ, ಬಿಡುವವಳು ಅವಳು. ರಿಜಿಸ್ಟ್ರಾರ್ ಆಫೀಸಿನ ಜಗಲಿಯಲ್ಲಿ ಯಾರೋ, "ಒಳ್ಳೆ ಕ್ರಯಕ್ಕೆ ಹೋಯ್ತಾ?" ಎಂದು ಕೇಳಿದ.

"ಕದ್ದದ್ದನ್ನು ಮಾರ್ಲಿಕ್ಕೆ ಆಗ್ತದಾ ಮಾರಾಯ?" ಎಂದರು ಭಾವ, ಎಲ್ಲರಿಗೂ ಕೇಳುವಂತೆ!

ಮರುದಿನವೇ ಕೋಳಿಗಳಿಗೆ ನೀರಿಲ್ಲ. ಅವಳ ಅಂಗಳಕ್ಕೆ ಹೋದೆ. ಗಮ್ಮತ್ತು ನೋಡಲೆಂದು ಭಾವನೂ ಬಂದರು.

"ಬೀಫಾತಿಮ್ಮಾ, ಸ್ವಲ್ಪ ನೀರು..." ಎಂದು ಜಗಲಿಯ ಕೆಳಗೆ ನಿಂತು ಕೇಳಿದೆ.

"ಹಾಲು ಒಲೆಯಲ್ಲುಂಟು, ನಿಲ್ಲಿ!" ಎಂದು ಒಳಗಿನಿಂದ ಗದರಿದಳು.

ಬಿಸಿಲಲ್ಲಿ ಇಬ್ಬರು ಮುದುಕರು ನಿಂತೆವು. ಆಮೇಲೆ ಅವಳು ಬಂದು ಸ್ವಿಚ್ ಹಾಕಿ, ಎರಡು ಕುರ್ಚಿ ತಂದಿಟ್ಟಳು. "ಕೂತ್ಕೊಳ್ಳಿ. ಟ್ಯಾಂಕಿ ತುಂಬ್ಲಿಕ್ಕೆ ಹೊತ್ತುಂಟು."

ನಾನು ಕೂತೆ. ಭಾವ ಮಾತ್ರ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು.

"ಎಂತ ಭಾವ? ಕೂತ್ಕೊಳ್ಳಿ."

"ನನ್ನಮ್ಮ ನೀರಿಗೆ ಬೇರೆಯವರ ಮನೆಗೇ ಹೋಗ್ತಿದ್ದದ್ದು," ಎಂದರು ಮೆಲ್ಲಗೆ. "ಅವಳಿಗೆ ಯಾರೂ ಒಂದು ದಿನ ಕೂತ್ಕೊ ಅಂತ ಹೇಳಿದ್ದು ನಾನು ನೋಡ್ಲಿಲ್ಲ."